ಹಿಟ್ಟಿನಿಂದ ಒಂದು ತಿಂಗಳು ದೂರ

ಬೇಕರಿಯಲ್ಲಿ ಅವನನ್ನು ಎಲ್ಲರೂ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಬೇಕರಿಯ ಮುಂಭಾಗದ ಅಂಗಡಿಗೆ ಬ್ರೆಡ್ ಕೊಳ್ಳಲು ಬಂದವರಲ್ಲಿ ಕೆಲವರು "ಇವತ್ತು ಮೇಸ್ತ್ರಿ ಕೈದೇನಾ?" ಎಂದು ಕೇಳುವುದೂ ಇತ್ತು. ಹಾಗೆ ಕೇಳುವವರಿಗೆ ಕೈಯ ವ್ಯತ್ಯಾಸ ನಿಜವಾಗಿ ಗೊತ್ತಾಗುತ್ತಿತ್ತೋ, ಸುಮ್ಮನೆ ದೊಡ್ಡಸ್ತಿಕೆಗೆ ಕೇಳುತ್ತಿದ್ದರೋ ಹೇಳುವುದು ಕಷ್ಟ. ಆದರೆ ಆ ಪ್ರಶ್ನೆ ಕಿವಿಗೆ ಬಿದ್ದ ದಿನ ಮೇಸ್ತ್ರಿಗೆ ಊಟ ಒಂದು ತುತ್ತು ಹೆಚ್ಚೇ ಸೇರುತ್ತಿತ್ತು.

ಅವನ ಕೆಲಸ ಹಿಟ್ಟು ಕಲಸುವುದು. ಕಲಸುವ ಯಂತ್ರ ಬಂದು ವರ್ಷಗಳೇ ಆಗಿದ್ದವು. ಆದರೂ ಎಲ್ಲಿಗೆ ನಿಲ್ಲಿಸಬೇಕೆಂಬುದು ಯಂತ್ರಕ್ಕೆ ತಿಳಿಯುವುದಿಲ್ಲ ಎಂಬುದು ಅವನ ವಾದ, ಮತ್ತು ಆ ವಾದದ ಮೇಲೆಯೇ ಅವನ ನೌಕರಿ ನಿಂತಿತ್ತು. ಮೈದಾ ಮೂಟೆಯ ಬಾಯಿ ಬಿಚ್ಚಿ ತೊಟ್ಟಿಗೆ ಸುರಿದರೆ ಕೋಣೆಯೆಲ್ಲ ಮಂಜು ಕವಿದಂತಾಗುತ್ತಿತ್ತು. ಅದು ಕೆಳಗಿಳಿಯುವವರೆಗೆ ಕಾಯುವ ವ್ಯವಧಾನ ಯಾರಿಗಿದೆ? ಅದರೊಳಗೇ ನೀರು, ಉಪ್ಪು, ಯೀಸ್ಟ್ ಹಾಕಿ ಯಂತ್ರ ತಿರುಗಿಸುವುದು. ಹದ ಬಂತೆನಿಸಿದಾಗ ಮೇಸ್ತ್ರಿ ಒಂದು ಚಿವುಟು ಹಿಟ್ಟು ತೆಗೆದು ಎರಡೂ ಕೈಯ ಬೆರಳುಗಳಲ್ಲಿ ಎಳೆದು ನೋಡುವುದು. ತೆಳ್ಳಗೆ ಪೊರೆಯಾಗಿ ಹರಿಯದೆ ನಿಂತರೆ ಅವನು ತಲೆಯಾಡಿಸುತ್ತಿದ್ದ. ಅಲ್ಲಿಯವರೆಗೆ ಒಂದು ಉಂಡೆಯೂ ಟ್ರೇಗೆ ಹೋಗುವಂತಿರಲಿಲ್ಲ.

ಅವನ ತಮ್ಮನಿಗೂ ಅಲ್ಲೇ ಕೆಲಸ. ಓದು ತಲೆಗೆ ಹತ್ತದೆ ಬೀದಿ ಸುತ್ತುತ್ತಿದ್ದವನನ್ನು ಮೇಸ್ತ್ರಿಯೇ ಕರೆತಂದು ಮೂಟೆ ಹೊರುವುದಕ್ಕೆ ಹಚ್ಚಿದ್ದ. ಈಗ ಅವನಿಗೂ ಕಿವಿಯ ಹತ್ತಿರ ನರೆ ಬಂದಿತ್ತು. ಕೆಲಸ ಚೆನ್ನಾಗಿಯೇ ಕಲಿತಿದ್ದ, ಆದರೆ ಅಣ್ಣ ಇರುವ ಕೋಣೆಯಲ್ಲಿ ಹಿಟ್ಟನ್ನು ತಾನೇ ಚಿವುಟಿ ನೋಡುವ ಧೈರ್ಯ ಅವನಿಗೆ ಎಂದೂ ಬಂದಿರಲಿಲ್ಲ.

ಕೆಮ್ಮು ಎಲ್ಲಿಂದ ಬಂತು ಎಂದು ಕೇಳಿದರೆ ಮೇಸ್ತ್ರಿ ಒಬ್ಬೊಬ್ಬರಿಗೆ ಒಂದೊಂದು ಹೇಳುತ್ತಿದ್ದ. ಒಬ್ಬರಿಗೆ ಭಟ್ಟಿಯ ಹೊಗೆ, ಇನ್ನೊಬ್ಬರಿಗೆ ಹವೆ, ಮತ್ತೊಬ್ಬರಿಗೆ ವಯಸ್ಸು. ಮೊದಲು ಬರೀ ಸೀನು ಇತ್ತು, ಆಮೇಲೆ ಕೆಮ್ಮು ಸೇರಿತು, ಆಮೇಲೆ ಎದೆಯೊಳಗೆ ಸಣ್ಣಗೆ ಸೀಟಿ ಊದಿದಂತೆ ಸದ್ದು. ಮನೆ ಮೂರನೇ ಮಹಡಿಯಲ್ಲಿತ್ತು. ಪಾಳಿ ಮುಗಿಸಿ ಬರುವಾಗ ಎರಡನೇ ಮಹಡಿಯಲ್ಲಿ ನಿಂತು, ಅಲ್ಲಿಯ ಬಾಗಿಲ ಮೇಲಿನ ಹೆಸರಿನ ಫಲಕವನ್ನು ಓದುವವನಂತೆ ನಟಿಸುವ ಅಭ್ಯಾಸ ಮಾಡಿಕೊಂಡ. ಈ ಮನುಷ್ಯನಿಗೆ ನಮ್ಮ ಹೆಸರಿನ ಮೇಲೆ ಯಾಕಿಷ್ಟು ಪ್ರೀತಿ ಎಂದು ಆ ಮನೆಯವರು ತಲೆ ಕೆಡಿಸಿಕೊಂಡಿದ್ದರೆ ತಪ್ಪೇನಿಲ್ಲ.

ಅವನ ಹೆಂಡತಿ ಪಾದರಕ್ಷೆಯ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ದಿನವಿಡೀ ಬಂದವರ ಕಾಲನ್ನೇ ನೋಡಿ ನೋಡಿ, ಮುಖ ನೋಡುವುದಕ್ಕೆ ಮುಂಚೆ ಕಾಲು ನೋಡುವುದು ಅವಳಿಗೆ ರೂಢಿಯಾಗಿಬಿಟ್ಟಿತ್ತು. ಒಂದು ದಿನ ಗಂಡ ತನ್ನ ಶೂವಿನ ಲೇಸು ಕಟ್ಟಲು ಬಗ್ಗಿದವನು ಉಸಿರು ಸಾಲದೆ ಹಾಗೆಯೇ ಕೂತುಬಿಟ್ಟದ್ದನ್ನು ನೋಡಿ, "ಏಳಿ, ಆಸ್ಪತ್ರೆಗೆ ಹೋಗೋಣ," ಎಂದಳು. ಅವನು ಹವೆಯ ಮಾತೆತ್ತಿದ. "ಹವೆ ನನಗೂ ಇದೆಯಲ್ರೀ, ನಾನು ಶೂ ಹಾಕ್ಕೊಂಡೆ," ಎಂದಳು.

ಎದೆಯ ಡಾಕ್ಟರು ಇನ್ನೂ ಸಣ್ಣ ವಯಸ್ಸಿನ ಹೆಂಗಸು. ಬೆನ್ನಿನ ಮೇಲೆ ಯಂತ್ರವಿಟ್ಟು ಕೇಳಿದರು, ಕೆಲಸವೇನೆಂದು ವಿಚಾರಿಸಿದರು, ಆಮೇಲೆ ನಿಧಾನವಾಗಿ ಹೇಳಿದರು. "ಬಹಳ ವರ್ಷ ಹಿಟ್ಟಿನ ಮಧ್ಯೆ ಇದ್ದವರಲ್ಲಿ ಕೆಲವರಿಗೆ ಆ ಹಿಟ್ಟೇ ಆಗದ ಹಾಗೆ ಆಗ್ಬಿಡುತ್ತೆ. ನಿಮಗೂ ಹಾಗೇ ಇರಬಹುದು, ಬೇರೇನೋ ಇರಬಹುದು. ಈಗಲೇ ಹೇಳೋಕಾಗಲ್ಲ. ಒಂದು ತಿಂಗಳು ರಜೆ ಹಾಕಿ. ಹಿಟ್ಟಿನ ಹತ್ತಿರ ಸುಳೀಲೇಬೇಡಿ. ಹುಷಾರಾದ್ರೆ ಹಿಟ್ಟೇ ಕಾರಣ ಅಂತಾಯ್ತು."

"ಹಿಟ್ಟೇ ಕಾರಣ ಅಂತಾದ್ರೆ?" ಎಂದ ಮೇಸ್ತ್ರಿ.

"ಆ ಕೆಲಸ ಬಿಡಬೇಕಾಗುತ್ತೆ. ಬಿಡದೆ ಮುಂದುವರಿಸಿದ್ರೆ ಒಂದು ದಿನ ಔಷಧಿಗೂ ಬಗ್ಗದ ಹಾಗೆ ಆಗುತ್ತೆ."

"ಹುಷಾರಾಗದಿದ್ರೆ?"

"ಆಗ ಕಾರಣ ಬೇರೆ ಏನೋ ಇದೆ ಅಂತ ಹುಡುಕೋಣ. ನೀವು ಕೆಲಸಕ್ಕೆ ಹೋಗಬಹುದು."

ಜೊತೆಗೆ ಒಂದು ಪ್ಲಾಸ್ಟಿಕ್ ಕೊಳವೆ ಕೊಟ್ಟರು. ಊದಿದರೆ ಅದರ ಮುಳ್ಳು ಮೇಲೇರಿ ನಿಲ್ಲುತ್ತದೆ. ಹಸಿರು ಪಟ್ಟಿಯಲ್ಲಿ ನಿಂತರೆ ಎದೆ ಸರಿಯಾಗಿದೆ, ಹಳದಿಯಲ್ಲಿ ನಿಂತರೆ ಸರಿಯಿಲ್ಲ, ಕೆಂಪಿಗೆ ಇಳಿದರೆ ಆಸ್ಪತ್ರೆಗೆ ಓಡಬೇಕು.

ಮೆಟ್ಟಿಲಿಳಿಯುವಾಗ ಮೇಸ್ತ್ರಿಯ ತಲೆಯಲ್ಲಿ ಲೆಕ್ಕ ಸ್ಪಷ್ಟವಾಗಿತ್ತು. ವಾಸಿಯಾದರೆ ಕೆಲಸ ಹೋಯಿತು. ವಾಸಿಯಾಗದಿದ್ದರೆ ಕೆಲಸ ಉಳಿಯಿತು. ಲೋಕದಲ್ಲಿ ರಜೆ ಹಾಕಿ ಮಲಗಿದವರೆಲ್ಲ ಬೇಗ ಗುಣವಾಗಲಿ ಎಂದು ಬೇಡಿಕೊಂಡರೆ ಈ ಮಹಾಶಯ ಆ ಹೊತ್ತಿನಿಂದಲೇ ಗುಣವಾಗದಿರಲಿ ಎಂದು ಬೇಡಿಕೊಳ್ಳಲು ಶುರುಮಾಡಿದ.

ಬೇಕರಿಯ ಮಾಲೀಕರಿಗೆ ವಿಷಯ ಹೇಳಿದಾಗ ಅವರು ಕನ್ನಡಕ ತೆಗೆದು ನಕ್ಕರು. "ಮೀನು ಬಂದು ನನಗೆ ನೀರಾಗಲ್ಲ ಅಂದ ಹಾಗಾಯ್ತಲ್ಲ ಮೇಸ್ತ್ರಿ!" ನಕ್ಕು ಮುಗಿಸಿ ರಜೆ ಕೊಟ್ಟರು. ಕೆಟ್ಟ ಮನುಷ್ಯರಲ್ಲ. ಆದರೆ ಹಿಟ್ಟಿನ ಕೋಣೆ ಬಿಟ್ಟರೆ ತಮ್ಮಲ್ಲಿ ಅವನಿಗೆ ಬೇರೆ ಜಾಗವಿಲ್ಲ ಎಂಬುದನ್ನೂ, ಮುಂಭಾಗದ ಅಂಗಡಿಗೆ ಈಗಿರುವವರೇ ಹೆಚ್ಚಾಗಿದ್ದಾರೆ ಎಂಬುದನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು. ರಜೆ ಮುಗಿಯುವವರೆಗೆ ತೊಟ್ಟಿ ತಮ್ಮನ ಪಾಲಿಗೆ ಬಂತು.

ಹಗಲು ಹೊತ್ತಿನ ಮನೆ ಮೇಸ್ತ್ರಿಗೆ ಗುರುತೇ ಇರಲಿಲ್ಲ. ರಾತ್ರಿ ದುಡಿದು ಹಗಲು ಮಲಗುತ್ತಿದ್ದವನಿಗೆ ಅಡುಗೆಮನೆಗೆ ಬಿಸಿಲು ಯಾವ ಕಡೆಯಿಂದ ಬರುತ್ತದೆ, ನೀರು ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಂಬುದೆಲ್ಲ ಹೊಸ ಸಮಾಚಾರ. ಕೈ ಕಟ್ಟಿ ಕೂರಲಾಗದೆ ಅಡುಗೆಮನೆಯ ಡಬ್ಬಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿದ. ಸಂಜೆ ಹೆಂಡತಿ ಬಂದು ಉಪ್ಪು ಹುಡುಕಿ ಹುಡುಕಿ ಸೋತು, "ರೀ, ನಿಮಗೆ ರಜೆ ಕೊಟ್ಟಿರೋದು, ನನಗೆ ಶಿಕ್ಷೆ ಕೊಟ್ಟಿರೋದಲ್ಲ," ಎಂದು ಎಲ್ಲವನ್ನೂ ಮೊದಲಿದ್ದಲ್ಲಿಗೇ ತಂದಳು. ಹಿಟ್ಟಿನ ಡಬ್ಬವನ್ನು ಮಾತ್ರ ಅವಳು ಮೊದಲ ದಿನವೇ ಪಕ್ಕದ ಮನೆಗೆ ದಾಟಿಸಿದ್ದಳು. ಡಾಕ್ಟರು ಹೇಳಿದ್ದನ್ನು ಅಕ್ಷರಶಃ ಪಾಲಿಸುವ ಹಟ ಅವಳದು. ಹಿಟ್ಟು ಎಂಬುದು ಈ ಮನೆಯ ಹೊಸ್ತಿಲು ದಾಟಕೂಡದು ಎಂದಿದ್ದಳು.

ತಮ್ಮ ದಿನಾ ಬೆಳಿಗ್ಗೆ ಬರುತ್ತಿದ್ದ. ಪಾಳಿ ಮುಗಿಸಿ, ಮುಖಕ್ಕೆ ನೀರು ಹಾಕಿಕೊಂಡು, ತನ್ನ ಮನೆಗೂ ಹೋಗದೆ ನೇರವಾಗಿ ಅಣ್ಣನ ಮನೆಗೆ. ಬಂದವನು ಮಂಚದ ಮೇಲೆ ಅಣ್ಣನಿಗೆ ಅಂಟಿಕೊಂಡು ಕೂತು, ಜೇಬಿನಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಚಿವುಟು ಹಸಿ ಹಿಟ್ಟನ್ನು ತೆಗೆಯುತ್ತಿದ್ದ.

"ಏನಪ್ಪಾ ಇದು, ಹಿಟ್ಟು ತರಬೇಡ ಅಂದಿದ್ದಾರೆ ಡಾಕ್ಟರು," ಎಂದು ಅತ್ತಿಗೆ ಮೊದಲ ದಿನವೇ ಗದರಿದಳು.

"ಅತ್ತಿಗೆ, ಇದು ಒದ್ದೆ ಹಿಟ್ಟು, ಹಾರಲ್ಲ. ಅಣ್ಣ ಮುಟ್ಟೋದೂ ಬೇಡ, ನೋಡಲಿ ಸಾಕು."

ಮೇಸ್ತ್ರಿ ಮುಟ್ಟುತ್ತಿರಲಿಲ್ಲ. ಮಾತಿಗೆ ತಪ್ಪುವವನಲ್ಲ. ತಮ್ಮನೇ ಎಳೆದು ಬೆಳಕಿಗೆ ಹಿಡಿಯುತ್ತಿದ್ದ. ಮೇಸ್ತ್ರಿ ಕಣ್ಣು ಕಿರಿದು ಮಾಡಿ, "ನೀರು ಒಂದು ಲೋಟ ಜಾಸ್ತಿಯಾಗಿದೆ," ಎಂದೋ "ಇನ್ನೊಂದು ಸುತ್ತು ತಿರುಗಬೇಕಿತ್ತು" ಎಂದೋ ತೀರ್ಪು ಕೊಡುತ್ತಿದ್ದ. ಆ ಬ್ರೆಡ್ ಬೆಂದು, ಮಾರಿ, ಅರ್ಧ ಊರು ತಿಂದೂ ಆಗಿರುತ್ತಿತ್ತು. ಆದರೂ ತಮ್ಮ ಭಯಭಕ್ತಿಯಿಂದ ಕೇಳಿ, ಹೊರಡುವಾಗ ಅಣ್ಣನ ಹೆಗಲು ತಬ್ಬಿ, "ಬೇಗ ಬಾ ಮಾರಾಯ, ನನ್ನ ಕೈಲಾಗಲ್ಲ," ಎಂದು ಹೋಗುತ್ತಿದ್ದ. ದಿನದಲ್ಲಿ ಮೇಸ್ತ್ರಿ ಮನಸ್ಸು ಬಿಚ್ಚಿ ನಗುತ್ತಿದ್ದುದು ಆ ಅರ್ಧ ಗಂಟೆಯಲ್ಲೇ. ಅದಕ್ಕಾಗಿ ಅವನು ಬಾಗಿಲ ಕಡೆಗೇ ಕಣ್ಣು ನೆಟ್ಟು ಕಾಯುತ್ತಿದ್ದ.

ಹೀಗೆ ಅರ್ಧ ತಿಂಗಳು ಕಳೆಯಿತು. ಕೊಳವೆಯ ಮುಳ್ಳು ಹಳದಿ ಬಿಟ್ಟು ಕದಲಲಿಲ್ಲ. ತೋರಿಸಿಕೊಳ್ಳಲು ಹೋದಾಗ ಡಾಕ್ಟರು ಹುಬ್ಬು ಗಂಟಿಕ್ಕಿ, "ನಿಜ ಹೇಳಿ, ಹಿಟ್ಟಿನ ಹತ್ತಿರ ಹೋಗಿದ್ರಾ?" ಎಂದು ಕೇಳಿದರು. "ಇಲ್ಲ ಮೇಡಂ, ಬೇಕರಿ ಇರೋ ಬೀದಿಗೂ ಕಾಲಿಟ್ಟಿಲ್ಲ," ಎಂದ ಮೇಸ್ತ್ರಿ. ಅದು ಅಪ್ಪಟ ನಿಜ. ಹೆಂಡತಿಯೂ ಹೌದೆಂದಳು. ಮನೆಗೆ ಬರುವಾಗ ಅವಳ ಮುಖ ಬಾಡಿತ್ತು, ಅವನ ಮುಖದಲ್ಲಿ ಮಾತ್ರ ಲಾಟರಿ ಹೊಡೆದವನ ಕಳೆ. ಎದೆ ಸೀಟಿ ಊದುತ್ತಿದ್ದರೂ ದಾರಿಯುದ್ದಕ್ಕೂ ತಮಾಷೆ ಮಾಡಿಕೊಂಡೇ ಬಂದ.

ಅಷ್ಟರಲ್ಲಿ ತಮ್ಮ ಮೂಟೆ ಎತ್ತಲು ಹೋಗಿ ಸೊಂಟ ಉಳುಕಿಸಿಕೊಂಡು ಮಲಗಿದ. ಒಂದು ವಾರ ಹಾಸಿಗೆ ಬಿಟ್ಟು ಏಳಬಾರದು ಎಂದು ಅವನಿಗೂ ರಜೆ. ಅಣ್ಣ ತಮ್ಮ ಇಬ್ಬರೂ ಊರಿನ ಎರಡು ತುದಿಯಲ್ಲಿ ಮಲಗಿ ಫೋನಿನಲ್ಲಿ ಮಾತಾಡಿಕೊಂಡರು. ಎರಡು ದಿನ ಕಳೆಯಿತು. ಮೂರನೆಯ ದಿನ ಮೇಸ್ತ್ರಿಗೆ ಎಚ್ಚರವಾದಾಗ ಏನೋ ಕಳೆದುಹೋದಂತೆ ಅನ್ನಿಸಿತು. ಎದೆಯ ಸದ್ದು ಇರಲಿಲ್ಲ. ಹಾಲು ತರಲು ಕೆಳಗಿಳಿದವನು ವಾಪಸು ಹತ್ತುವಾಗ ಎರಡನೇ ಮಹಡಿಯಲ್ಲಿ ನಿಲ್ಲುವುದನ್ನು ಮರೆತೇಬಿಟ್ಟ. ಮನೆಯೊಳಗೆ ಬಂದು ಕೊಳವೆ ಊದಿದರೆ ಮುಳ್ಳು ನೇರ ಹಸಿರಿಗೆ ಹೋಗಿ ನಿಂತಿತು.

ಅವನು ಬಚ್ಚಲಮನೆಯ ಕಡೆ ನೋಡಿದ. ಹೆಂಡತಿ ಸ್ನಾನಕ್ಕೆ ಹೋಗಿದ್ದಳು. ಮುಳ್ಳನ್ನು ಕೆಳಗಿಳಿಸಿ ಇನ್ನೊಮ್ಮೆ ಊದಿದ, ಈ ಸಲ ಮಗುವಿನ ಬೆರಳಿನ ಮೇಲೆ ಊದುವಂತೆ ಮೆಲ್ಲಗೆ. ಹಳದಿ. ಅದನ್ನೇ ಮೇಜಿನ ಮೇಲಿಟ್ಟು ತಿರುಗಿದರೆ ಹೆಂಡತಿ ಒದ್ದೆ ಕೂದಲಲ್ಲಿ ಬಾಗಿಲಲ್ಲಿ ನಿಂತಿದ್ದಳು.

"ಇನ್ನೊಂದ್ಸಲ ಊದಿ," ಎಂದಳು.

"ಊದಿದೆನಲ್ಲ."

"ಊದಿದ್ದಲ್ಲ ರೀ ಅದು, ದೀಪ ಆರಬಾರದು ಅಂತ ಉಸಿರು ಬಿಟ್ಟ ಹಾಗಿತ್ತು. ಸರಿಯಾಗಿ ಊದಿ."

ಊದಿದ. ಹಸಿರು. ಅವಳು ಸಂತೋಷದಿಂದ ಅವನ ಬೆನ್ನಿಗೊಂದು ಗುದ್ದು ಕೊಟ್ಟಳು. ಆಮೇಲೆ ಅವನ ಮುಖ ನೋಡಿ ಕೊಳವೆಯನ್ನು ಅವನ ಕೈಯಿಂದ ತೆಗೆದು ಮೇಜಿನ ಮೇಲಿಟ್ಟಳು. ಆ ವಾರವೆಲ್ಲ ಹಸಿರೇ. ರಾತ್ರಿ ದಿಂಬು ಏರಿಸಿಕೊಳ್ಳದೆ ಚಪ್ಪಟೆಯಾಗಿ ಮಲಗಿದ, ಊಟ ಸೇರಿತು, ಮಾತಿನ ನಡುವೆ ಉಸಿರಿಗೆ ನಿಲ್ಲಬೇಕಾಗಲಿಲ್ಲ. ಇಷ್ಟೆಲ್ಲ ಸುಖವಾಗಿದ್ದೂ ಮೇಸ್ತ್ರಿ ಅಷ್ಟು ದುಃಖದಲ್ಲಿದ್ದುದನ್ನು ಅವಳು ಮದುವೆಯಾದಾಗಿನಿಂದ ನೋಡಿರಲಿಲ್ಲ.

ವಾರ ಮುಗಿದು ತಮ್ಮ ಕೆಲಸಕ್ಕೆ ಹೋದ. ಮೊದಲ ಪಾಳಿ ಮುಗಿಸಿದ ಬೆಳಿಗ್ಗೆಯೇ ಸೊಂಟದ ಮೇಲೆ ಕೈಯಿಟ್ಟುಕೊಂಡು ಮೂರು ಮಹಡಿ ಹತ್ತಿ ಬಂದು ಅಣ್ಣನನ್ನು ಗಟ್ಟಿಯಾಗಿ ತಬ್ಬಿದ. ಇಬ್ಬರೂ ಮಂಚದ ಮೇಲೆ ಕೂತು ಸೊಂಟಪುರಾಣವನ್ನೆಲ್ಲ ಮಾತಾಡಿ ಮುಗಿಸಿದರು. ಅವತ್ತು ಸಂಜೆಗೆ ಮೇಸ್ತ್ರಿಗೆ ಕೆಮ್ಮು ಹಿಡಿಯಿತು. ಕೊಳವೆ ಊದಿದರೆ ಹಳದಿ.

ಮರುದಿನ ತಮ್ಮ ಬಂದಾಗ ಹೆಂಡತಿ, ರೂಢಿಯಂತೆ, ಮೊದಲು ಅವನ ಕಾಲು ನೋಡಿದಳು. ಶೂವಿನ ಹೊಲಿಗೆಯ ಸಂದಿಯಲ್ಲೆಲ್ಲ ಬಿಳಿ ತುಂಬಿತ್ತು. ಕಣ್ಣು ಮೇಲೆ ಹೋಯಿತು: ಪ್ಯಾಂಟಿನ ಮಡಿಕೆಯಲ್ಲಿ ಬಿಳಿ, ಗುಂಡಿಗಳ ಸುತ್ತ ಬಿಳಿ, ಹುಬ್ಬಿನಲ್ಲಿ ಬಿಳಿ. ಅದರಲ್ಲಿ ಹೊಸತೇನೂ ಇರಲಿಲ್ಲ. ಗಂಡನೂ ಅಷ್ಟು ವರ್ಷ ಹಾಗೆಯೇ ಬರುತ್ತಿದ್ದ. ಅದನ್ನು ಅವಳು ಅವನ ಮೈಬಣ್ಣವೆಂಬಂತೆ ಒಪ್ಪಿಕೊಂಡಿದ್ದಳು. ಹಿಟ್ಟೆಂದರೆ ಆ ಮನೆಯಲ್ಲಿ ಎಲ್ಲರಿಗೂ ಮೂಟೆಯಲ್ಲಿರುವುದು, ಡಬ್ಬದಲ್ಲಿರುವುದು. ಬಟ್ಟೆಯ ಮೇಲಿರುವುದನ್ನು ಹಿಟ್ಟೆಂದು ಯಾರೂ ಎಣಿಸಿಯೇ ಇರಲಿಲ್ಲ.

ಮೈದುನ ಹೋದ ಮೇಲೆ ಅವಳು ಹಾಸಿಗೆಯ ಹೊದಿಕೆಯನ್ನು ಬಾಲ್ಕನಿಗೆ ತಂದು ಒಮ್ಮೆ ಜೋರಾಗಿ ಕೊಡವಿದಳು. ಬಿಸಿಲಿನಲ್ಲಿ ಬಿಳಿ ಧೂಳೆದ್ದು ನಿಧಾನವಾಗಿ ಗಾಳಿಯಲ್ಲಿ ಹೋಯಿತು. ಒಳಗೆ ಕುರ್ಚಿಯಲ್ಲಿ ಕೂತಿದ್ದ ಮೇಸ್ತ್ರಿಯೂ ನೋಡಿದ.

"ನೀನೇನೂ ಹೇಳಬೇಡ," ಎಂದ.

"ನಾನೇನು ಹೇಳಿದೆ ಈಗ?" ಎಂದು ಅವಳು ಹೊದಿಕೆಯನ್ನು ನೀರಿಗೆ ಹಾಕಿದಳು.

ತಮ್ಮನಿಗೆ ಇಬ್ಬರೂ ಏನೂ ಹೇಳಲಿಲ್ಲ; ಅವನು ದಿನಾ ಬರುತ್ತಲೇ ಇದ್ದ. ತಿಂಗಳ ಕೊನೆಗೆ ಡಾಕ್ಟರ ಮುಂದೆ ಗಂಡ ಹೆಂಡತಿ ಇಬ್ಬರೂ ಕೂತರು. ಹೇಗಿದ್ದೀರಿ ಎಂದದ್ದಕ್ಕೆ ಮೇಸ್ತ್ರಿ "ಹಾಗೇ ಇದೆ ಮೇಡಂ, ಹಳದಿ," ಎಂದ. ಆ ದಿನದ ಮಟ್ಟಿಗೆ ಅದೂ ನಿಜವೇ. ಹಸಿರಿನ ವಾರದ ಸುದ್ದಿಯನ್ನು ಅವನು ಎತ್ತಲಿಲ್ಲ. ಹೆಂಡತಿ ಡಾಕ್ಟರ ಚಪ್ಪಲಿಯನ್ನೇ ನೋಡುತ್ತ ಕೂತಿದ್ದಳು. ಡಾಕ್ಟರು ಊದಿಸಿ ನೋಡಿ, ಸ್ವಲ್ಪ ಹೊತ್ತು ಪೆನ್ನು ಕಚ್ಚಿ, "ಇಡೀ ತಿಂಗಳು ದೂರ ಇದ್ದೂ ಹೀಗೇ ಇದೆ ಅಂದ್ರೆ ಹಿಟ್ಟು ಇರಲಾರದು. ಕೆಲಸಕ್ಕೆ ಹೋಗಿ. ಔಷಧಿ ಬಿಡಬೇಡಿ," ಎಂದು ಚೀಟಿ ಬರೆದುಕೊಟ್ಟರು. ಮೇಸ್ತ್ರಿ ಅದನ್ನು ಎರಡು ಕೈಯಲ್ಲಿ ತೆಗೆದುಕೊಂಡ. ಹೊರಗೆ ಬಂದವನೇ ಮಾಲೀಕರಿಗೆ ಫೋನು ಮಾಡಿ ನಾಡಿದ್ದಿನಿಂದ ಬರುತ್ತೇನೆ ಎಂದ.

ಮನೆಯ ಮೆಟ್ಟಿಲಲ್ಲಿ, ಎರಡನೇ ಮಹಡಿಯಲ್ಲಿ, ಅವನು ಕೂತೇಬಿಟ್ಟ. ನಟಿಸುವುದಕ್ಕೂ ಉಸಿರಿರಲಿಲ್ಲ. ಹೆಂಡತಿ ಪಕ್ಕದಲ್ಲಿ ಕೂತಳು.

"ಡಾಕ್ಟರಿಗೆ ನಾನೇ ಹೇಳಬಹುದಿತ್ತು," ಎಂದಳು. "ಹೇಳಲಿಲ್ಲ. ಅದು ನಿಮ್ಮ ಬಾಯಿಂದ ಬರಬೇಕಾದ ಮಾತು. ನಾನು ಹೇಳಿ ನಿಮ್ಮ ಕೆಲಸ ಬಿಡಿಸಿದೆ ಅಂತಾದ್ರೆ ಸಾಯೋವರೆಗೂ ನನ್ನ ಮುಖ ನೋಡಿದಾಗೆಲ್ಲ ನಿಮಗೆ ಅದೇ ನೆನಪಾಗುತ್ತೆ."

"ಹಿಟ್ಟು ಬಿಟ್ರೆ ನನಗೆ ಬೇರೆ ಏನು ಬರುತ್ತೆ ಹೇಳು," ಎಂದ ಅವನು. "ಈ ವಯಸ್ಸಲ್ಲಿ ಎಲ್ಲಿ ಹೋಗಿ ಯಾರ ಮುಂದೆ ನಿಲ್ಲಲಿ?"

ಆ ಭಯ ಅವಳಿಗೂ ಇತ್ತು. ಅವನ ಉಸಿರು ಒಂದು ಹದಕ್ಕೆ ಬರುವವರೆಗೆ ಕೂತಿದ್ದು ಎದ್ದರು.

ಮರುದಿನ ಬೆಳಿಗ್ಗೆ ಅವಳು ಅಂಗಡಿಗೆ ಹೊರಡುವ ತಯಾರಿಯಲ್ಲಿದ್ದಾಗ ಮೆಟ್ಟಿಲಲ್ಲಿ ದಡದಡ ಸದ್ದಾಯಿತು. ತಮ್ಮ ಸೊಂಟದ ನೋವನ್ನೂ ಮರೆತು ಎರಡೆರಡು ಮೆಟ್ಟಿಲು ಹಾರಿ ಬರುತ್ತಿದ್ದ. "ಅತ್ತಿಗೆ! ಅಣ್ಣ ನಾಳೆಯಿಂದ ಬರ್ತಾನಂತೆ, ಮಾಲೀಕರು ಹೇಳಿದ್ರು! ನಮ್ಮೋರೆಲ್ಲ ಕುಣಿದಾಡ್ತಿದ್ದಾರೆ!"

ಅವಳು ಬಾಗಿಲಿಗೆ ಅಡ್ಡ ಕೈಯಿಟ್ಟಳು. "ಅಲ್ಲೇ ನಿಲ್ಲಪ್ಪ. ಶೂ ಹೊರಗೆ ಬಿಡು. ಶರ್ಟೂ ತೆಗಿ. ಕೈಕಾಲು ತೊಳ್ಕೊಂಡು ಒಳಗೆ ಬಾ."

"ಯಾಕೆ ಅತ್ತಿಗೆ?" ಅವನ ನಗು ಅರ್ಧಕ್ಕೆ ನಿಂತಿತು. "ನಾನೇನು ಹೊರಗಿನವನಾ?"

"ನಿಮ್ಮಣ್ಣನ್ನ ಕೇಳು," ಎಂದು ಅವಳು ಕೈ ತೆಗೆದು ಪಕ್ಕಕ್ಕೆ ಸರಿದು ನಿಂತಳು.

ಮೇಸ್ತ್ರಿ ಮಂಚದ ಮೇಲೆ ಕೂತಿದ್ದ. ಏನಾದರೂ ಹೇಳಬಹುದಿತ್ತು. ನೆಲ ಒರೆಸಿದ್ದಾಳೆ ಎನ್ನಬಹುದಿತ್ತು, ನಿಮ್ಮತ್ತಿಗೆಗೆ ತಲೆ ಕೆಟ್ಟಿದೆ ಬಾ ಎಂದು ನಕ್ಕುಬಿಡಬಹುದಿತ್ತು; ಅಂಥ ಮಾತುಗಳು ನಾಲಿಗೆಯ ತುದಿಯಲ್ಲೇ ಇದ್ದವು. ಬಾಗಿಲಲ್ಲಿ ಒಂದು ಶೂ ಕಳಚಿ, ಇನ್ನೊಂದನ್ನು ಕಳಚಬೇಕೋ ಬೇಡವೋ ತಿಳಿಯದೆ, ಮುಖ ಹುಳ್ಳಗೆ ಮಾಡಿಕೊಂಡು ತಮ್ಮ ನಿಂತಿದ್ದ. ತಾನು ಹೊರಗಿನವನಾದೆನೆಂದು ಅವನಿಗೆ ನಿಜವಾಗಿಯೂ ನೋವಾಗಿತ್ತು. ಅದು ಮೇಸ್ತ್ರಿಗೆ ತಡೆಯಲಾಗಲಿಲ್ಲ.

"ನೀನಲ್ಲ ಕಣೋ," ಎಂದ. "ಹಿಟ್ಟು."

"ಹಿಟ್ಟೇನಾಯ್ತು? ಇವತ್ತು ಚೆನ್ನಾಗೇ ಬಂದಿತ್ತಲ್ಲ."

"ಹಿಟ್ಟು ನನಗಾಗಲ್ಲ. ನೀನು ಸೊಂಟ ಹಿಡ್ಕೊಂಡು ಮಲಗಿದ್ದ ವಾರ ನಾನು ಚೆನ್ನಾಗಿದ್ದೆ. ಪೂರ್ತಿ ಚೆನ್ನಾಗಿದ್ದೆ. ನೀನು ಬಂದ ದಿನ ಮತ್ತೆ ಶುರುವಾಯ್ತು."

ತಮ್ಮ ತನ್ನ ಶರ್ಟು ನೋಡಿಕೊಂಡ. ಅಭ್ಯಾಸಬಲದಿಂದ ಎದೆಯ ಮೇಲೊಮ್ಮೆ ಕೈಯಿಂದ ಕೊಡವಿದ. ಬಾಗಿಲ ಬೆಳಕಿನಲ್ಲಿ ಬಿಳಿ ಎದ್ದಿತು. ಅದನ್ನು ಕಂಡು ಬೆಚ್ಚಿ, ಕೈಗಳನ್ನು ಗಾಳಿಯಲ್ಲೇ ಹಿಡಿದುಕೊಂಡು ಹಿಂದೆ ಹಿಂದೆ ಸರಿದು ಮೆಟ್ಟಿಲ ಕಂಬಿಗೆ ಒರಗಿದ.

"ನೀನು ಹುಷಾರಾದೆಯಾ ನೋಡೋಕೆ ಅಂತ ದಿನಾ ಬರ್ತಿದ್ದೆನಲ್ಲೋ ಅಣ್ಣಾ," ಎಂದ.

"ಗೊತ್ತು ಕಣೋ."

ಮೇಸ್ತ್ರಿಗೆ ಅಳು ಬಂತು. ಹೆಂಡತಿಯ ಎದುರು, ತಮ್ಮನ ಎದುರು ಅತ್ತ. ಅವಳು ಬಂದು ಪಕ್ಕದಲ್ಲಿ ಕೂತಳು. ಅಂಗಡಿಗೆ ಹೊತ್ತಾಗಿದ್ದು ಅವಳಿಗೆ ನೆನಪಿರಲಿಲ್ಲ.

"ಹಾಗಾದ್ರೆ ನಾಳೆ ಬರಲ್ವಾ?" ಎಂದು ತಮ್ಮ ಅಷ್ಟು ದೂರದಿಂದಲೇ ಕೇಳಿದ.

"ನಾಳೆ ಅಂತಲ್ಲ. ಇನ್ನು ಬರಲ್ಲ. ಮಾಲೀಕರಿಗೂ ಹೇಳ್ತೀನಿ, ಡಾಕ್ಟರಿಗೂ ಹೋಗಿ ಹೇಳ್ತೀನಿ."

ಹೇಳಿ ಮುಗಿಸುವಷ್ಟರಲ್ಲಿ ಕೆಮ್ಮು ಒತ್ತರಿಸಿಕೊಂಡು ಬಂತು. ಮೇಸ್ತ್ರಿ ಎದೆ ಹಿಡಿದುಕೊಂಡು ಮುಂದಕ್ಕೆ ಬಾಗಿದ. ಅಣ್ಣನನ್ನು ಹಿಡಿದುಕೊಳ್ಳಲು ತಮ್ಮ ಒಂದು ಹೆಜ್ಜೆ ಮುಂದಿಟ್ಟವನು ಹೊಸ್ತಿಲಲ್ಲೇ ನಿಂತುಬಿಟ್ಟ.